ಮೊಟ್ಟೆಗೆ ಒಂದು ರೂಪಾಯಿ ಏರಿದರೆ ಜನ ಯಾಕೆ ಮಾತಾಡುತ್ತಾರೆ? ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಶಾಲಾ ಶಿಕ್ಷಣ ಸಚಿವರಿಗೆ,
ಮಾನ್ಯ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವರಿಗೆ,
ಕರ್ನಾಟಕ ಸರ್ಕಾರ.

ಮಾನ್ಯರೇ, ನಮಸ್ಕಾರ.

ನಾನು ಬಂಗಾರಪೇಟೆಯಲ್ಲಿ ಒಂದು ಚಿಲ್ಲರೆ ಅಂಗಡಿ ಇಟ್ಟುಕೊಂಡಿದ್ದೇನೆ. ಅಕ್ಕಿ, ಬೇಳೆ, ಎಣ್ಣೆ, ಸೋಪು, ಬೆಂಕಿಪೊಟ್ಟಣ, ಮತ್ತೆ ಮೊಟ್ಟೆ. ಮಗಳು ಓದುವ ಸರ್ಕಾರಿ ಶಾಲೆಯ ಎಸ್‌ಡಿಎಂಸಿಯಲ್ಲಿ, ಅಂದರೆ ಪೋಷಕರೂ ಇರುವ ಶಾಲಾಭಿವೃದ್ಧಿ ಸಮಿತಿಯಲ್ಲಿ, ಸದಸ್ಯ ಕೂಡ. 2025ರ ಡಿಸೆಂಬರ್‌ನಲ್ಲಿ ಮೊಟ್ಟೆ ಬೆಲೆ ಏರಿದಾಗ ನಮ್ಮ ಕಡೆ ಒಂದು ಸಭೆ ನಡೆಯಿತು. ಮುಖ್ಯ ಶಿಕ್ಷಕರೊಬ್ಬರು ಎದ್ದು ನಿಂತು, ಶಾಲೆ ಮಕ್ಕಳಿಗೆ ಮೊಟ್ಟೆ ಹಂಚಲು ಸರ್ಕಾರ ಕೊಡುವ ದುಡ್ಡಿಗೆ ಮೊಟ್ಟೆ ಸಿಗುತ್ತಿಲ್ಲ ಎಂದರು. ವೇದಿಕೆ ಮೇಲಿದ್ದ ಅಧಿಕಾರಿಯೊಬ್ಬರು ಕೇಳಿದರು: "ಚಿನ್ನ ಏರಿದೆ, ಸೈಟು ಏರಿದೆ, ಕಾಲೇಜು ಫೀಸು ಏರಿದೆ. ಅದೆಲ್ಲ ಬಿಟ್ಟು ಮೊಟ್ಟೆಗೆ ಒಂದು ರೂಪಾಯಿ ಜಾಸ್ತಿ ಆಯ್ತು ಅಂತ ಟಿವಿಯಲ್ಲೂ ಅದೇ, ಪೇಪರಿನಲ್ಲೂ ಅದೇ. ಅಷ್ಟು ದೊಡ್ಡ ವಿಷಯವಾ ಇದು?"

ಯಾರೂ ಏನೂ ಹೇಳಲಿಲ್ಲ. ಮೇಷ್ಟ್ರು ಸುಮ್ಮನೆ ಕೂತರು. ಅಧಿಕಾರಿಯ ಮೇಲೆ ದೂರು ಹೇಳಲು ನಾನು ಈ ಪತ್ರ ಬರೆಯುತ್ತಿಲ್ಲ. ಆ ಪ್ರಶ್ನೆ ತುಂಬಾ ಜನರ ತಲೆಯಲ್ಲಿದೆ. ಅದಕ್ಕೆ ಉತ್ತರ ಇದೆ, ಮತ್ತು ಆ ಉತ್ತರ ನಿಮ್ಮಿಬ್ಬರ ಇಲಾಖೆಗೂ ಬೇಕಾದದ್ದು.

ನನ್ನ ಅಂಗಡಿಯಲ್ಲಿ ಜನ ಮೊಟ್ಟೆ ಕೊಳ್ಳುವ ರೀತಿ ನೋಡಿದರೆ ಅರ್ಧ ಉತ್ತರ ಅಲ್ಲೇ ಸಿಗುತ್ತದೆ. ಟ್ರೇಗಟ್ಟಲೆ ಒಯ್ಯುವವರು ಕಡಿಮೆ. ಎರಡು, ಮೂರು, ಹೆಚ್ಚೆಂದರೆ ಐದು. ಸಂಜೆ ಬೆಂಗಳೂರಿನ ರೈಲು ಬಂದ ಮೇಲೆ ಗಿರಾಕಿಗಳು ಜಾಸ್ತಿ. ಗಾರೆ ಕೆಲಸದವರು, ನರಸಾಪುರದ ಫ್ಯಾಕ್ಟರಿ ಬಸ್ಸಿನಿಂದ ಇಳಿದು ರೂಮಿಗೆ ಹೋಗುವ ಹುಡುಗರು, ಮನೆಗೆಲಸ ಮುಗಿಸಿ ಬರುವ ಹೆಂಗಸರು. ಎಷ್ಟೋ ಮನೆಗಳಲ್ಲಿ ಸಾರು ಒಲೆ ಮೇಲೆ ಕುದಿಯುತ್ತಿರುವಾಗಲೇ ಮಗುವನ್ನು ಅಂಗಡಿಗೆ ಓಡಿಸುತ್ತಾರೆ. ಆ ಮಗು ಬಂದು ಮುಷ್ಟಿ ಬಿಚ್ಚಿ ದುಡ್ಡು ಇಡುತ್ತದೆ. ಹತ್ತರ ನೋಟು, ಎರಡು ನಾಣ್ಯ. ಎಣಿಸಿ ಕೊಟ್ಟ ದುಡ್ಡು. ಮೊನ್ನೆವರೆಗೂ ಅಷ್ಟಕ್ಕೆ ಎರಡು ಮೊಟ್ಟೆ ಬರುತ್ತಿತ್ತು. ಇವತ್ತು ಬರಲ್ಲ ಅಂದರೆ ಮಗು ಮತ್ತೆ ಮನೆಗೆ ಓಡಬೇಕು, ಇಲ್ಲವೇ ಒಂದೇ ಮೊಟ್ಟೆ ಹಿಡಿದು ಹೋಗಬೇಕು. ಆ ಬೀದಿಯಲ್ಲಿ ಬೆಲೆ ಏರಿದ ವಿಷಯ ಹಬ್ಬಲು ಟಿವಿ ಬೇಕಿಲ್ಲ.

ಇನ್ನೊಂದು ಹೇಳುತ್ತೇನೆ. ಟ್ರೇ ಇಳಿಸುವಾಗ ಬಿರುಕು ಬಿಟ್ಟ ಮೊಟ್ಟೆ ಒಂದೆರಡು ಇದ್ದೇ ಇರುತ್ತವೆ. ಅವನ್ನು ಬೇರೆ ಇಟ್ಟು ಸ್ವಲ್ಪ ಕಡಿಮೆಗೆ ಕೊಡುತ್ತೇನೆ. ಮೊದಲು ಅವನ್ನು ಆಮ್ಲೆಟ್ ಗಾಡಿಯವರು ಮಾತ್ರ ಕೇಳುತ್ತಿದ್ದರು. ಆ ಡಿಸೆಂಬರ್‌ನಲ್ಲಿ ಸಂಸಾರಸ್ಥರು ಸ್ಟೀಲ್ ಲೋಟ ಹಿಡಿದು ಬಂದರು. "ಒಡೆದಿದ್ದು ಏನಾದ್ರೂ ಇದ್ಯಾ ಅಣ್ಣಾ?" ಲೋಟದೊಳಗೆ ಹುಷಾರಾಗಿ ಒಡೆದು ಹಾಕಿ, ಮೇಲೆ ಪೇಪರ್ ಮುಚ್ಚಿ ಕೊಟ್ಟಿದ್ದೇನೆ. ಕೇಳುವಾಗ ಪಕ್ಕದಲ್ಲಿ ಬೇರೆಯವರು ನಿಂತಿದ್ದರೆ ಅವರ ದನಿ ತಗ್ಗುತ್ತಿತ್ತು.

ಚಿನ್ನದ ಬೆಲೆ ಎಷ್ಟು ಅಂತ ನನ್ನ ಗಿರಾಕಿಗಳಲ್ಲಿ ಹತ್ತರಲ್ಲಿ ಒಂಬತ್ತು ಜನಕ್ಕೆ ಗೊತ್ತಿರಲ್ಲ. ಮದುವೆ ಬಂದಾಗ ಕೇಳುತ್ತಾರೆ. ಮೊಟ್ಟೆ ಬೆಲೆ ಎಲ್ಲರಿಗೂ ಗೊತ್ತು. ಮೂರನೇ ಕ್ಲಾಸಿನ ಹುಡುಗನಿಗೂ ಗೊತ್ತು. ವಾರದಲ್ಲಿ ಎಷ್ಟೋ ಸಲ ಕೊಳ್ಳುವ ವಸ್ತು, ಬಿಡಿಯಾಗಿ ಕೊಳ್ಳುವ ವಸ್ತು, ಒಂದಕ್ಕೆ ಇಷ್ಟು ಅಂತ ಒಂದೇ ಮಾತಿನ ಬೆಲೆ. ಜನ ದುಬಾರಿಯಾಯಿತು ಅಂತ ತಿಳಿಯುವುದೇ ಇಂಥ ವಸ್ತುಗಳಿಂದ.

ಜೊತೆಗೆ, ಮೊಟ್ಟೆಯಲ್ಲಿ ಏನನ್ನೂ ಬಚ್ಚಿಡಲು ಆಗುವುದಿಲ್ಲ. ನಾನು ವ್ಯಾಪಾರಿ, ಬಚ್ಚಿಡುವುದು ಹೇಗೆ ಅಂತ ದಿನಾ ನೋಡುತ್ತೇನೆ. ಐದು ರೂಪಾಯಿ ಬಿಸ್ಕತ್ ಪ್ಯಾಕೆಟ್ ಇವತ್ತಿಗೂ ಐದೇ ರೂಪಾಯಿ, ಒಳಗಿನ ಬಿಸ್ಕತ್ತು ಕಡಿಮೆಯಾಗುತ್ತಾ ಬಂದಿದೆ. ಎಣ್ಣೆ ಪ್ಯಾಕೆಟ್ ನೋಡಲು ಹಾಗೇ ಇದೆ, ಗ್ರಾಂ ಓದಿದರೆ ಬೇರೆ ಕಥೆ. ಜನಕ್ಕೆ ಅದು ಗೊತ್ತಾಗುವುದು ನಿಧಾನ, ಗೊತ್ತಾದರೂ ಯಾರನ್ನು ಕೇಳಬೇಕೋ ತಿಳಿಯುವುದಿಲ್ಲ. ಮೊಟ್ಟೆಯನ್ನು ಹಾಗೆ ಸಣ್ಣದು ಮಾಡಿ ಹಳೇ ಬೆಲೆಗೆ ಮಾರಲು ಬರುವುದಿಲ್ಲ. ಅದರ ಬೆಲೆ ಏರಿದರೆ ಏರಿದ ದಿನವೇ ಎಲ್ಲರಿಗೂ ಕಾಣುತ್ತದೆ. ಹಾಗಾಗಿ ಬೇರೆ ನೂರು ವಸ್ತುಗಳ ಮೇಲಿನ ಸಿಟ್ಟು ಕೂಡ ಮೊಟ್ಟೆಯ ಹೆಸರಿನಲ್ಲಿ ಹೊರಗೆ ಬರುತ್ತದೆ. ನನ್ನ ಅಂಗಡಿ ಮುಂದೆ ಮೊಟ್ಟೆಯಿಂದ ಶುರುವಾದ ಮಾತು ಹಾಲಿಗೆ ಹೋಗುತ್ತದೆ, ಬಾಡಿಗೆಗೆ ಹೋಗುತ್ತದೆ, ಬಸ್ ಚಾರ್ಜಿಗೆ ಹೋಗುತ್ತದೆ.

ಅಧಿಕಾರಿಯ ಕಡೆಯ ಲೆಕ್ಕವೂ ಇದೆ, ಅದನ್ನು ಮುಚ್ಚಿಡಬಾರದು. ದೇಶದ ಹಣದುಬ್ಬರ ಅಳೆಯುವ ಗ್ರಾಹಕ ಬೆಲೆ ಸೂಚ್ಯಂಕದಲ್ಲಿ, 2012 ಅನ್ನು ಆಧಾರ ವರ್ಷ ಮಾಡಿಕೊಂಡು ಆ ಡಿಸೆಂಬರ್‌ನಲ್ಲಿ ಬಳಕೆಯಲ್ಲಿದ್ದ ಪಟ್ಟಿ ಪ್ರಕಾರ, ಮೊಟ್ಟೆಯ ಪಾಲು ನೂರಕ್ಕೆ 0.43 ಇತ್ತು. ಅಂದರೆ ನೂರು ರೂಪಾಯಿ ಖರ್ಚಿನಲ್ಲಿ ಐವತ್ತು ಪೈಸೆಯೂ ಇಲ್ಲ. ಹಾಲು, ಹಾಲಿನ ಪದಾರ್ಥಗಳ ಪಾಲು 6.61. ಕಾಗದದ ಮೇಲೆ ನೋಡಿದರೆ ಮೊಟ್ಟೆ ಲೆಕ್ಕಕ್ಕೇ ಇಲ್ಲ. ಆದರೆ ಅದು ದೇಶದ ಎಲ್ಲ ಮನೆಗಳ ಸರಾಸರಿ. ಮೊಟ್ಟೆ ಮುಟ್ಟದ ಮನೆಗಳೂ ಅದರಲ್ಲಿವೆ, ಮೊಟ್ಟೆ ಬೆಲೆ ಕೇಳದೆ ಕೊಳ್ಳುವ ಮನೆಗಳೂ ಇವೆ. ಸಂಜೆ ಲೋಟ ಹಿಡಿದು ಬರುವ ಮನೆಯ ಲೆಕ್ಕ ಆ ಸರಾಸರಿಯೊಳಗೆ ಕಾಣುವುದಿಲ್ಲ.

ಆ ಮನೆಯ ಲೆಕ್ಕ ಹೇಗಿರುತ್ತದೆ ಅಂದರೆ, ಮಟನ್ ಯಾವತ್ತೋ ಬಿಟ್ಟು ಹೋಗಿದೆ. ಅದು ಯುಗಾದಿ ಮಾರನೇ ದಿನದ ಹೊಸತೊಡಕಿಗೆ, ಊರ ಜಾತ್ರೆಗೆ. ಕೋಳಿ ದುಬಾರಿಯಾದ ವಾರ ಕೋಳಿ ಬಿಡುತ್ತಾರೆ. ಬಿಟ್ಟು ಮೊಟ್ಟೆಗೆ ಬರುತ್ತಾರೆ. ಕಾಳಿನ ಸಾರಿಗೆ ಎರಡು ಮೊಟ್ಟೆ ಒಡೆದು ಹಾಕಿದರೆ ಮುದ್ದೆ ಊಟ ಒಂದು ಹದಕ್ಕೆ ಬರುತ್ತದೆ, ನಾಲ್ಕು ಜನಕ್ಕೆ ಹಂಚಲೂ ಆಗುತ್ತದೆ. ಮೊಟ್ಟೆ ಕೊನೆಯ ಮೆಟ್ಟಿಲು. ಅದರ ಕೆಳಗೆ ಇಳಿಯಲು ಇನ್ನೊಂದು ಮೆಟ್ಟಿಲಿಲ್ಲ. ಮಟನ್ ಕೆಜಿಗೆ ನೂರು ರೂಪಾಯಿ ಏರಿದರೆ ಸದ್ದಾಗದೆ, ಮೊಟ್ಟೆ ಒಂದು ರೂಪಾಯಿ ಏರಿದರೆ ಸದ್ದಾಗುವುದು ಇದಕ್ಕೇ. ಹಿಂದೆ ಸರಿಯಲು ಜಾಗ ಇಲ್ಲದ ಕಡೆ ಜನ ಮಾತಾಡುತ್ತಾರೆ.

ಗಾಡಿ ಊಟದಲ್ಲಿ ಇದು ಇನ್ನೂ ಬೇಗ ಕಾಣುತ್ತದೆ. ಎಗ್ ರೈಸ್ ಗಾಡಿಯವನು ಪ್ಲೇಟಿಗೆ ಎರಡು ಮೊಟ್ಟೆ ಹಾಕುತ್ತಾನೆ. ಮೊಟ್ಟೆಗೆ ಒಂದೊಂದು ರೂಪಾಯಿ ಏರಿದರೆ ಅವನಿಗೆ ಬೀಳುವುದು ಎರಡು ರೂಪಾಯಿ. ಆದರೆ 50 ರೂಪಾಯಿ ಪ್ಲೇಟನ್ನು 52 ಮಾಡಲು ಆಗುತ್ತಾ? ಚಿಲ್ಲರೆ ಎಲ್ಲಿ ಹೊಂದಿಸುವುದು? ಒಂದೋ ಅವನೇ ನುಂಗುತ್ತಾನೆ, ಇಲ್ಲವೇ 60 ಮಾಡುತ್ತಾನೆ. ರೂಮಿನಲ್ಲಿ ಇರುವ ಹುಡುಗನಿಗೆ ಎರಡು ರೂಪಾಯಿ ಏರಿಕೆ ಹತ್ತು ರೂಪಾಯಿಯಾಗಿ ತಲುಪುತ್ತದೆ. ಮೊಟ್ಟೆ ಬೆಲೆ ಇಳಿದ ಮೇಲೆ ಆ ಹತ್ತು ರೂಪಾಯಿ ಇಳಿದಿದ್ದನ್ನು ನಾನಂತೂ ನೋಡಿಲ್ಲ.

ಬೆಲೆ ಯಾಕೆ ಹೀಗೆ ಕುಣಿಯುತ್ತದೆ ಅಂತ ಗಿರಾಕಿಗಳು ನನ್ನನ್ನೇ ಕೇಳುತ್ತಾರೆ. ನಾನೇ ಏರಿಸಿದೆ ಅಂದುಕೊಳ್ಳುವವರೂ ಇದ್ದಾರೆ. ನಮಗೆ ಬರುವುದು ಎನ್‌ಇಸಿಸಿ ರೇಟು. ರಾಷ್ಟ್ರೀಯ ಮೊಟ್ಟೆ ಸಮನ್ವಯ ಸಮಿತಿ ಅಂತ 1982ರಲ್ಲಿ ಕೋಳಿ ಸಾಕುವವರೇ ಸೇರಿ ಕಟ್ಟಿಕೊಂಡ ಸಂಸ್ಥೆ. ದಿನಾ ನೂರು ಮೊಟ್ಟೆಗೆ ಇಷ್ಟು ಅಂತ ಊರೂರಿಗೆ ದರ ಹೇಳುತ್ತದೆ. ತಮಿಳುನಾಡಿನ ನಾಮಕ್ಕಲ್‌ಗೆ ಒಂದು, ಹೊಸಪೇಟೆಗೆ ಒಂದು, ಮೈಸೂರಿಗೆ, ಬೆಂಗಳೂರಿಗೆ ಒಂದೊಂದು. ಅದರ ಮೇಲೆ ಸಾಗಣೆ, ಒಡೆದು ಹೋದದ್ದು, ಹೋಲ್‌ಸೇಲ್‌ನವರ ಲಾಭ, ನನ್ನ ಲಾಭ. ಚಳಿಗಾಲದಲ್ಲಿ ಉತ್ತರ ಭಾರತದ ಬೇಡಿಕೆ ಏರುತ್ತದೆ, ಕ್ರಿಸ್‌ಮಸ್ ಕೇಕಿನ ಬೇಡಿಕೆ ಸೇರುತ್ತದೆ. ಕಾರ್ತಿಕ ಮಾಸದಲ್ಲಿ ಬಿಟ್ಟವರೂ ಆಮೇಲೆ ತಿನ್ನಲು ಶುರು ಮಾಡುತ್ತಾರೆ.

ಬೇಡಿಕೆ ಏರಿತು ಅಂತ ಕೋಳಿ ದಿನಕ್ಕೆ ಎರಡು ಮೊಟ್ಟೆ ಇಡುವುದಿಲ್ಲ. ಒಳ್ಳೆ ತಳಿಯ ಕೋಳಿ ವರ್ಷಕ್ಕೆ 300ರ ಮೇಲೆ ಇಡುತ್ತದೆ, ಅಷ್ಟೇ. ಹೊಸ ಮರಿ ತಂದು ಬಿಟ್ಟರೆ ಮೊಟ್ಟೆಗೆ ಬರಲು 18ರಿಂದ 20 ವಾರ ಬೇಕು, ಹತ್ತಿರ ಹತ್ತಿರ ಐದು ತಿಂಗಳು. ಅಷ್ಟು ದಿನ ಮೇವು ಹಾಕಬೇಕು. ಸಾಕುವ ಖರ್ಚಿನಲ್ಲಿ ಮುಕ್ಕಾಲು ಪಾಲಿನಷ್ಟು ಮೇವಿಗೇ ಹೋಗುತ್ತದೆ, ಅದರಲ್ಲಿ ಮುಸುಕಿನ ಜೋಳ, ಸೋಯಾ ಹಿಂಡಿ ಮುಖ್ಯ. ಬೆಲೆ ಬಿದ್ದ ಕಾಲದಲ್ಲಿ ಸಾಕುವವರು ನಷ್ಟ ತಾಳಲಾರದೆ ಹಳೇ ಕೋಳಿ ಬೇಗ ಮಾರುತ್ತಾರೆ, ಹೊಸ ಮರಿ ಬಿಡುವುದಿಲ್ಲ. ಅದರ ಫಲ ಐದಾರು ತಿಂಗಳ ಮೇಲೆ ನಮ್ಮ ಅಂಗಡಿಯಲ್ಲಿ ಕಾಣುತ್ತದೆ. 2025ರ ನವೆಂಬರ್‌ನಲ್ಲಿ ಹಾವೇರಿ, ಗದಗ ಕಡೆಯ ರೈತರು ಮುಸುಕಿನ ಜೋಳಕ್ಕೆ ಬೆಲೆಯಿಲ್ಲ ಅಂತ ಬೀದಿಗಿಳಿದರು. ಕ್ವಿಂಟಲ್‌ಗೆ 2,400 ರೂಪಾಯಿ ಬೆಂಬಲ ಬೆಲೆ, ಮಾರುಕಟ್ಟೆಯಲ್ಲಿ ಅದಕ್ಕಿಂತ ಎಷ್ಟೋ ಕೆಳಗೆ. ಮುಂದಿನ ತಿಂಗಳೇ ಮೊಟ್ಟೆ ಚಿಲ್ಲರೆಯಲ್ಲಿ 7 ದಾಟಿ ಕೆಲವು ಕಡೆ 8 ರೂಪಾಯಿ ಆಯಿತು. ಜೋಳ ಅಗ್ಗ, ಮೊಟ್ಟೆ ದುಬಾರಿ. ಜನಕ್ಕೆ ಇದು ಮೋಸ ಅನ್ನಿಸುವುದು ಸಹಜ. ಇವತ್ತಿನ ಜೋಳದ ಬೆಲೆ ಮೊಟ್ಟೆಯಲ್ಲಿ ಕಾಣಲು ತಿಂಗಳುಗಳು ಬೇಕು ಅಂತ ಯಾರಾದರೂ ಜನಕ್ಕೆ ಬಿಡಿಸಿ ಹೇಳಿದ್ದರೆ ಅಷ್ಟು ಸಿಟ್ಟು ಇರುತ್ತಿರಲಿಲ್ಲ. ಪಶುಪಾಲನಾ ಇಲಾಖೆ ಈ ಕೆಲಸ ಮಾಡಬಹುದು. ಒಂದು ಕರಪತ್ರ ಸಾಕು.

ರೋಗದ ವಿಷಯವೂ ಸೇರಿಕೊಂಡಿದೆ. 2025ರ ಶುರುವಿನಲ್ಲಿ ನಮ್ಮ ಪಕ್ಕದ ಚಿಕ್ಕಬಳ್ಳಾಪುರ ಜಿಲ್ಲೆಯ ವರದಹಳ್ಳಿಯಲ್ಲಿ ಹಕ್ಕಿಜ್ವರ ಪತ್ತೆಯಾಯಿತು. ಆಗ ನನ್ನ ಅಂಗಡಿಯಲ್ಲಿ ಮೊಟ್ಟೆ ಹಾಗೇ ಕೂತಿತ್ತು. ಭಯಕ್ಕೆ ಬೇಡಿಕೆ ಬೀಳುತ್ತದೆ, ಸಾಕುವವನು ಮುಳುಗುತ್ತಾನೆ, ಮುಂದೆ ಕೊರತೆಯಾಗಿ ಬೆಲೆ ಏರುತ್ತದೆ. ಇದೇ ಹಕ್ಕಿಜ್ವರದಿಂದ ಅಮೆರಿಕದಲ್ಲಿ 2025ರ ಮೊದಲ ಕೆಲವು ತಿಂಗಳಲ್ಲೇ ಮೂರು ಕೋಟಿಗೂ ಹೆಚ್ಚು ಮೊಟ್ಟೆ ಕೋಳಿಗಳು ಹೋದವು. ಮಾರ್ಚ್‌ನಲ್ಲಿ ಅಲ್ಲಿ ಒಂದು ಡಜನ್‌ನ ಸರಾಸರಿ ಬೆಲೆ 6.23 ಡಾಲರ್ ಮುಟ್ಟಿತು. ಒಬ್ಬರಿಗೆ ಇಷ್ಟೇ ಅಂತ ಅಂಗಡಿಗಳಲ್ಲಿ ಬೋರ್ಡ್ ಹಾಕಿದರು. ಅಷ್ಟು ದುಡ್ಡಿರುವ ದೇಶದಲ್ಲೂ ಮೊಟ್ಟೆ ಬೆಲೆ 2024ರಲ್ಲೇ ಚುನಾವಣೆಯ ಮಾತಾಗಿತ್ತು, ಆಮೇಲೆ ಸರ್ಕಾರದ ಮಾತಾಯಿತು. ಹಾಗಿರುವಾಗ ಬಂಗಾರಪೇಟೆಯ ಮೇಷ್ಟ್ರು ಎದ್ದು ನಿಂತು ಕೇಳಿದ್ದರಲ್ಲಿ ಆಶ್ಚರ್ಯ ಏನಿದೆ?

ಒಂದು ವಿಷಯದಲ್ಲಿ ಮಾತ್ರ ಈ ಗಮನದ ಬಗ್ಗೆ ನನಗೂ ತಕರಾರಿದೆ. ಬೆಲೆ ಏರಿದಾಗ ಮಾತ್ರ ಎಲ್ಲರೂ ನೋಡುತ್ತಾರೆ. ಕೋಲಾರದವರಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. 2023ರ ಜುಲೈನಲ್ಲಿ ನಮ್ಮ ಎಪಿಎಂಸಿಯಲ್ಲಿ 15 ಕೆಜಿಯ ಟೊಮೆಟೊ ಬಾಕ್ಸ್ 2,000 ರೂಪಾಯಿ ದಾಟಿದಾಗ ದೇಶದ ಕ್ಯಾಮೆರಾಗಳೆಲ್ಲ ಇಲ್ಲಿದ್ದವು. ಅದೇ ಟೊಮೆಟೊವನ್ನು ಕೀಳುವ ಕೂಲಿಯೂ ಹುಟ್ಟದೆ ರೈತರು ರಸ್ತೆ ಬದಿಗೆ ಸುರಿಯುವ ವರ್ಷ ಯಾರು ಬರುತ್ತಾರೆ? ಮೊಟ್ಟೆಯದೂ ಅದೇ ಪಾಡು. ನಾಲ್ಕು ರೂಪಾಯಿಗೆ ಬಿದ್ದು ಸಾಕುವವನ ಮನೆ ಮುಳುಗುವಾಗ ಸುದ್ದಿಯಿಲ್ಲ. ಏರಿಕೆಯ ಬೀಜ ಬಿದ್ದಿರುವುದು ಆ ತಿಂಗಳುಗಳಲ್ಲೇ ಅಲ್ವಾ? ಆಗಲೂ ನೋಡಿ ಅಂತ ನಾನು ಕೇಳುತ್ತಿದ್ದೇನೆ.

ಈಗ ಶಾಲೆಗೆ ಬರುತ್ತೇನೆ. ಪತ್ರದ ಉಳಿದ ಮಾತೆಲ್ಲ ಇದಕ್ಕೆ ಪೀಠಿಕೆ.

ನಿಮ್ಮ ಸರ್ಕಾರ ಶಾಲೆಯಲ್ಲಿ ಮೊಟ್ಟೆ ಕೊಡುತ್ತಿರುವುದು ನಾನು ಕಂಡ ಒಳ್ಳೆಯ ಕೆಲಸಗಳಲ್ಲಿ ಒಂದು. ವಾರಕ್ಕೆ ಎರಡು ದಿನ ಇದ್ದದ್ದು 2024ರಲ್ಲಿ ಆರು ದಿನವಾಯಿತು. ಹೆಚ್ಚಿನ ನಾಲ್ಕು ದಿನಕ್ಕೆ ಅಜೀಂ ಪ್ರೇಮ್‌ಜಿ ಫೌಂಡೇಶನ್ ಮೂರು ವರ್ಷಕ್ಕೆ ಸುಮಾರು 1,591 ಕೋಟಿ ರೂಪಾಯಿ ಕೊಡಲು ಒಪ್ಪಿತು. ಸುಮಾರು 55 ಲಕ್ಷ ಮಕ್ಕಳ ಯೋಜನೆ. ತಿನ್ನದ ಮಕ್ಕಳಿಗೆ ಬಾಳೆಹಣ್ಣು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ಕರ್ನಾಟಕದಲ್ಲಿ ಐದು ವರ್ಷದೊಳಗಿನ ನೂರು ಮಕ್ಕಳಲ್ಲಿ 35 ಮಕ್ಕಳು ವಯಸ್ಸಿಗೆ ತಕ್ಕ ಎತ್ತರ ಬೆಳೆದಿಲ್ಲ. ಆ ಮಕ್ಕಳೇ ಇವತ್ತು ಶಾಲೆಯ ಕ್ಲಾಸುಗಳಲ್ಲಿ ಕೂತಿದ್ದಾರೆ. ಒಂದು ಮೊಟ್ಟೆಯಲ್ಲಿ ಆರು ಗ್ರಾಂನಷ್ಟು ಪ್ರೋಟೀನ್ ಇದೆ. ಅದಕ್ಕಿಂತ ಮುಖ್ಯವಾದದ್ದು ಏನೆಂದರೆ, ಸಾರಿಗೆ ನೀರು ಬೆರೆಸಬಹುದು, ಹಾಲಿಗೂ ಬೆರೆಸಬಹುದು. ಮೊಟ್ಟೆಗೆ ಬೆರೆಸಲು ಆಗುವುದಿಲ್ಲ. ತಟ್ಟೆಯಲ್ಲಿ ಒಂದು ಇದೆಯೋ ಇಲ್ಲವೋ, ಯಾರು ಬೇಕಾದರೂ ನೋಡಬಹುದು. ಮನೆಗೆ ಬಂದ ಮೇಲೆ ನನ್ನ ಮಗಳು ಸಾರಿನ ಬಗ್ಗೆ ಏನೂ ಹೇಳುವುದಿಲ್ಲ. ಮೊಟ್ಟೆ ಕೊಟ್ಟಿಲ್ಲ ಅಂದರೆ ಬಾಗಿಲಲ್ಲೇ ಹೇಳುತ್ತಾಳೆ.

2025ರ ಡಿಸೆಂಬರ್‌ನಲ್ಲಿ ಇದಕ್ಕೆ ಸರ್ಕಾರ ಇಟ್ಟಿದ್ದದ್ದು ಒಂದು ಮೊಟ್ಟೆಗೆ ಆರು ರೂಪಾಯಿ. ಬೇಯಿಸುವ ಗ್ಯಾಸು, ಸುಲಿಯುವ ಕೂಲಿ ಎಲ್ಲ ಆ ಆರರೊಳಗೇ. ಆಗ ನಾನು ಶಾಲೆ ಅಂತ ಲಾಭ ಬಿಟ್ಟು ಕೊಟ್ಟರೂ ಏಳರ ಕೆಳಗೆ ಕೊಡಲು ಆಗಲಿಲ್ಲ. ಮೊಟ್ಟೆಗೆ ಒಂದೂವರೆ ರೂಪಾಯಿ ಕಡಿಮೆ ಬೀಳುತ್ತದೆ ಅಂತಲೇ ಇಟ್ಟುಕೊಳ್ಳೋಣ. 120 ಮಕ್ಕಳ ಶಾಲೆಗೆ ದಿನಕ್ಕೆ 180 ರೂಪಾಯಿ. ವಾರಕ್ಕೆ 1,080. ತಿಂಗಳಿಗೆ 4,000 ರೂಪಾಯಿಗೂ ಜಾಸ್ತಿ. ಇದನ್ನು ಯಾರು ಕೊಡಬೇಕು? ಕೊಡುತ್ತಿರುವವರು ಮುಖ್ಯ ಶಿಕ್ಷಕರು. ಕೆಲವರು ಜೇಬಿನಿಂದ ಹಾಕುತ್ತಾರೆ. ಕೆಲವರು ನನ್ನಂಥವರ ಹತ್ತಿರ ಸಾಲ ಬರೆಸುತ್ತಾರೆ. ಕೆಲವರು "ಸಣ್ಣ ಮೊಟ್ಟೆ ಇದ್ರೆ ಅದನ್ನೇ ಕೊಡಿ" ಅನ್ನುತ್ತಾರೆ. ಹೊಸದಾಗಿ ಮೊಟ್ಟೆಗೆ ಬಂದ ಕೋಳಿಯ ಪುಟ್ಟ ಮೊಟ್ಟೆ, ಸ್ವಲ್ಪ ಅಗ್ಗ. ಮೊಟ್ಟೆ ದಿನ ಬಾಳೆಹಣ್ಣು ಹಂಚುವ ಶಾಲೆಗಳೂ ಇವೆ ಅಂತ ಕೇಳಿದ್ದೇನೆ. ಅವರನ್ನು ಬೈಯಲು ನನಗೆ ಮನಸ್ಸಿಲ್ಲ. ತಪಾಸಣೆಗೆ ಬಂದವರು ಲೆಕ್ಕ ಕೇಳುವುದು ಮೇಷ್ಟ್ರನ್ನೇ, ಕಡಿಮೆ ಬಿದ್ದ ದುಡ್ಡನ್ನು ಮಾತ್ರ ಯಾರೂ ಕೇಳುವುದಿಲ್ಲ.

ಅಂಗನವಾಡಿ ಕಾರ್ಯಕರ್ತೆಯರ ಪರಿಸ್ಥಿತಿ ಇನ್ನೂ ಕಷ್ಟ. ಗರ್ಭಿಣಿ, ಬಾಣಂತಿಯರಿಗೆ ಮಾತೃಪೂರ್ಣ ಯೋಜನೆಯ ಮೊಟ್ಟೆ, ಚಿಕ್ಕ ಮಕ್ಕಳಿಗೆ ವಾರದ ಮೊಟ್ಟೆ. ಕೊಳ್ಳುವ ಜವಾಬ್ದಾರಿ ಅವರದೇ. ಅವರಿಗೆ ಬರುವುದು ಸಂಬಳ ಕೂಡ ಅಲ್ಲ, ಗೌರವಧನ. ನಮ್ಮ ಬೀದಿಯ ಅಕ್ಕ ಒಬ್ಬರು ಮೊಟ್ಟೆ ಬಿಲ್ಲಿಗೆ ಕಾದು ಕಾದು, ನನ್ನ ಬಾಕಿಯನ್ನು ತಮ್ಮ ಗೌರವಧನದಿಂದಲೇ ತೀರಿಸಿದರು. ಬೇಡ, ಬಿಲ್ಲು ಬಂದ ಮೇಲೆ ಕೊಡಿ ಅಂದೆ. ಕೇಳಲಿಲ್ಲ. ಸಾಲ ಇಟ್ಟುಕೊಂಡು ನಿಮ್ಮ ಅಂಗಡಿ ಮುಂದೆ ಓಡಾಡೋಕೆ ಆಗಲ್ಲ ಅಂದರು. ಆ ದುಡ್ಡು ತೆಗೆದುಕೊಳ್ಳುವಾಗ ನನಗೆ ತುಂಬಾ ಸಂಕಟವಾಯಿತು.

ಮಾನ್ಯರೇ, ನನ್ನ ಬೇಡಿಕೆ ದೊಡ್ಡದಲ್ಲ. ಶಾಲೆಗೂ ಅಂಗನವಾಡಿಗೂ ಕೊಡುವ ಮೊಟ್ಟೆ ದರವನ್ನು ಮಾರುಕಟ್ಟೆ ದರಕ್ಕೆ ಜೋಡಿಸಿ. ದರ ದಿನಾ ಪ್ರಕಟವಾಗುತ್ತದೆ, ಹುಡುಕುವ ಕಷ್ಟವೂ ಇಲ್ಲ. ಹಿಂದಿನ ತಿಂಗಳ ಸರಾಸರಿ ತೆಗೆದು, ಸಾಗಣೆ, ಗ್ಯಾಸು, ಸುಲಿಯುವ ಕೂಲಿ ಬೇರೆ ಸೇರಿಸಿ, ಈ ತಿಂಗಳ ದರ ಇಷ್ಟು ಅಂತ ಜಿಲ್ಲಾ ಮಟ್ಟದಲ್ಲೇ ಹೇಳಬಹುದು. ಬೆಲೆ ಇಳಿದಾಗ ಸರ್ಕಾರಕ್ಕೆ ಉಳಿತಾಯ, ಏರಿದಾಗ ಮೇಷ್ಟ್ರ ಜೇಬಿಗೆ ಕೈ ಹಾಕುವಂತಿಲ್ಲ. ಒಂದು ಸಲ ಆರನ್ನು ಏಳು ಮಾಡಿ ಕೈತೊಳೆದುಕೊಳ್ಳಬೇಡಿ, ಅದು ಇನ್ನೊಂದು ಚಳಿಗಾಲಕ್ಕೆ ಮತ್ತೆ ಹಳೆಯದಾಗುತ್ತದೆ. ಅಂಗನವಾಡಿಗೆ ದುಡ್ಡು ಮುಂಗಡವಾಗಿ ಬರಲಿ. ಮೇಷ್ಟ್ರು, ಕಾರ್ಯಕರ್ತೆಯರು ಕೈಯಿಂದ ಹಾಕಿರುವ ಬಾಕಿ ಎಷ್ಟಿದೆ ಅಂತ ತಾಲೂಕುವಾರು ಪಟ್ಟಿ ತರಿಸಿ, ತೀರಿಸಿ. ಬೆಲೆ ಬಿದ್ದ ತಿಂಗಳುಗಳಲ್ಲಿ ಸ್ಥಳೀಯವಾಗಿ ಕೋಳಿ ಸಾಕುವವರ ಜೊತೆ ವರ್ಷದ ಒಪ್ಪಂದ ಮಾಡಿಕೊಳ್ಳಲು ಶಾಲೆಗಳ ಗುಂಪಿಗೆ ಅವಕಾಶ ಕೊಟ್ಟರೆ ಇನ್ನೂ ಒಳ್ಳೆಯದು. ಸಾಕುವವನಿಗೆ ಕೊಳ್ಳುವವರು ಖಾತ್ರಿ, ಶಾಲೆಗೆ ಮೊಟ್ಟೆ ಖಾತ್ರಿ. ಇದರಿಂದ ನನ್ನಂಥ ಅಂಗಡಿಯವರ ವ್ಯಾಪಾರ ಸ್ವಲ್ಪ ಹೋಗುತ್ತದೆ, ಹೋಗಲಿ.

ಬೆಲೆ ಏರುವುದು ನವೆಂಬರ್, ಡಿಸೆಂಬರ್‌ನಲ್ಲಿ. ಆದೇಶ ದಸರಾ ರಜೆ ಮುಗಿಯುವುದರೊಳಗೆ ಹೊರಟರೆ ಆ ಹೊತ್ತಿಗೆ ಶಾಲೆಗಳಿಗೆ ತಲುಪುತ್ತದೆ. ನಮ್ಮ ಎಸ್‌ಡಿಎಂಸಿಯ ಮೊಟ್ಟೆ ಖರೀದಿ ರಶೀದಿಗಳು, ನನ್ನ ಸಾಲದ ಪುಸ್ತಕದಲ್ಲಿ ಶಾಲೆಯ ಹೆಸರಿನ ಪುಟಗಳು ಎಲ್ಲ ಇವೆ. ನಿಮ್ಮ ಇಲಾಖೆಯಿಂದ ಯಾರು ಬಂದು ಕೇಳಿದರೂ ತೋರಿಸುತ್ತೇನೆ.

ಇಂತಿ ನಿಮ್ಮ ವಿಶ್ವಾಸಿ,
ಬಂಗಾರಪೇಟೆಯ ಒಬ್ಬ ಚಿಲ್ಲರೆ ಅಂಗಡಿಯವ, ಕೋಲಾರ ಜಿಲ್ಲೆ